ಜೀಪೂ ಕೀಲೆಣ್ಣೆಯೂ

ಎತ್ತಿನ ಗಾಡಿ ಇದ್ದ ಮನೆಯವರಿಗೆ ಗಾಡಿಯ ಅಡಿಯಲ್ಲಿ ತೂಗುತ್ತಿದ್ದ ಬಿದಿರಿನ ಗೊಟ್ಟ ನೆನಪಿರಬೇಕು. ಅದರೊಳಗೆ ಕೀಲೆಣ್ಣೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಮಾಡಿದ್ದು. ಸಂತೆಗೆ ಹೊರಡುವ ಮುಂಚೆ ಕಡಾಣಿ ಕಿತ್ತು, ಗಾಲಿ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿಯುವುದು ಗಾಡಿ ಹೊಡೆಯುವವನದೇ ಕೆಲಸ. ಅದಕ್ಕಾಗಿ ಬಡಗಿಯನ್ನು ಯಾರೂ ಕರೆಯುತ್ತಿರಲಿಲ್ಲ. ಇವತ್ತು ನಾನು ಹೇಳಹೊರಟಿರುವುದು ಜೀಪಿನ ಕಥೆ. ಆದರೆ ಈ ಗೊಟ್ಟವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡಿರಿ.

1940ರಲ್ಲಿ ಅಮೆರಿಕದ ಸೈನ್ಯಕ್ಕೆ ಕುದುರೆಯ ಬದಲು ಒಂದು ಪುಟ್ಟ, ಗಟ್ಟಿ ಗಾಡಿ ಬೇಕಾಯಿತು. ದಾರಿಯಿಲ್ಲದ ಕಡೆಯೂ ಹೋಗಬೇಕು, ನಾಲ್ಕು ಚಕ್ರಕ್ಕೂ ಎಳೆತ ಇರಬೇಕು. 135 ಕಂಪನಿಗಳಿಗೆ ಪತ್ರ ಹೋಯಿತು. ಮಾದರಿ ಗಾಡಿ ಒಪ್ಪಿಸಲು ಕೊಟ್ಟ ಗಡುವು 49 ದಿನ. ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದುಕೊಟ್ಟರು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಸೆಪ್ಟೆಂಬರ್ 23ರಂದು ಗಾಡಿ ತಂದು ನಿಲ್ಲಿಸಿತು. ಆದರೆ ದೊಡ್ಡ ಆರ್ಡರು ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಮೊದಲು ಓಡಿ ಬಂದವನಿಗೆ ಊಟವಿಲ್ಲ ಎಂಬಂತಾಯಿತು! ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು.

ಇಷ್ಟನ್ನು ಬಹಳ ಜನ ಕೇಳಿರಬಹುದು. ಕೇಳದೇ ಇರುವುದು ಇದರ ಇನ್ನೊಂದು ಮುಖ. ಲಕ್ಷಗಟ್ಟಲೆ ಗಾಡಿಗಳನ್ನು ಕೊಟ್ಟದ್ದೇನೋ ಆಯಿತು, ನೋಡಿಕೊಳ್ಳುವವರು ಯಾರು? ಮೆಕ್ಯಾನಿಕ್ ಇರುವುದು ಹಿಂದಿನ ಶಿಬಿರದಲ್ಲಿ, ಗಾಡಿ ಹೂತುಹೋಗುವುದು ಮುಂದಿನ ಕೆಸರಿನಲ್ಲಿ. ಅದಕ್ಕೇ ಸೈನ್ಯ ದುರಸ್ತಿ ಕೆಲಸವನ್ನು ಐದು ಹಂತವಾಗಿ ವಿಂಗಡಿಸಿ, ಮೊದಲನೆಯ ಹಂತವನ್ನು ಚಾಲಕನ ತಲೆಗೇ ಕಟ್ಟಿತು. 1944ರಲ್ಲಿ ಅಚ್ಚಾದ ಜೀಪಿನ ಕೈಪಿಡಿಯಲ್ಲಿ ಚಾಲಕ ಹೊರಡುವ ಮುಂಚೆ ಏನು ನೋಡಬೇಕು, ಓಡಿಸುವಾಗ ಏನು, ನಡುವೆ ನಿಂತಾಗ ಏನು, ಮನೆಗೆ ಬಂದ ಮೇಲೆ ಏನು ಎಂದು ಬೇರೆಬೇರೆಯಾಗಿ ಬರೆದಿದೆ. ಅದರಲ್ಲಿ ನನಗೆ ಇಷ್ಟವಾದದ್ದು ನಡುವೆ ನಿಂತಾಗಿನ ಮಾತು. ಗಾಡಿ ನಿಂತ ಕೂಡಲೇ ಇಳಿದು ಪ್ರತಿ ಚಕ್ರದ ಹಬ್ಬಿನ ಮೇಲೂ ಬ್ರೇಕ್ ಡ್ರಮ್ಮಿನ ಮೇಲೂ ಕೈ ಇಟ್ಟು ನೋಡಬೇಕು. ಒಂದು ಮಿಕ್ಕವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಒಳಗೆ ಏನೋ ಉಜ್ಜುತ್ತಿದೆ ಎಂದೇ ಅರ್ಥ. ನೊಗ ಇಳಿಸಿದ ಮೇಲೆ ಎತ್ತಿನ ಹೆಗಲು ಸವರಿ ನೋಡುತ್ತಿದ್ದರಲ್ಲ, ಅದೇ ಕೈ.

ಕೈಪಿಡಿ ಕೊಟ್ಟರೆ ಸಿಪಾಯಿ ಓದುತ್ತಾನೆಯೇ? ಓದುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಆದ್ದರಿಂದ ವಿಲ್ ಐಸ್ನರ್ ಎಂಬ ಚಿತ್ರಕಥೆಗಾರನನ್ನು ಹಿಡಿದು ಸೈನ್ಯದ ವಾಹನ ಪತ್ರಿಕೆಯಲ್ಲಿ ಜೋ ಡೋಪ್ ಎಂಬ ಪೆದ್ದ ಸಿಪಾಯಿಯನ್ನು ಬರೆಸಿದರು. ಅವನು ಎಣ್ಣೆ ನೋಡುವುದಿಲ್ಲ, ಗ್ರೀಸ್ ಹಾಕುವುದಿಲ್ಲ, ಗಾಡಿ ಕೆಡಿಸಿ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಬಿಲ್ ಮಾಲ್ಡಿನ್ ಎಂಬ ಇನ್ನೊಬ್ಬ ವ್ಯಂಗ್ಯಚಿತ್ರಕಾರನ ಒಂದು ಚಿತ್ರವಂತೂ ಬಹಳ ಹೆಸರಾಯಿತು. ಕುದುರೆ ದಳದ ಹಳೆಯ ಸಾರ್ಜೆಂಟು ಚಕ್ರ ಮುರಿದ ತನ್ನ ಜೀಪಿಗೆ, ಕಾಲು ಮುರಿದ ಕುದುರೆಗೆ ಗುಂಡಿಕ್ಕುವಂತೆ, ಕಣ್ಣು ಮುಚ್ಚಿಕೊಂಡು ಪಿಸ್ತೂಲು ಹಿಡಿದಿದ್ದಾನೆ. ನಗು ಬರುತ್ತದೆ, ಜೊತೆಗೆ ಹೊಟ್ಟೆಯಲ್ಲಿ ಏನೋ ಚುರುಕ್ ಎನ್ನುತ್ತದೆ.

ನಮ್ಮ ದೇಶದ ಮಣ್ಣಿನಲ್ಲೂ ಈ ಪಾಠ ನಡೆಯಿತು. ಅಸ್ಸಾಮಿನ ಲೇಡೊದಿಂದ ಬರ್ಮಾದ ಕಾಡು ಸೀಳಿ ಚೀನಾಕ್ಕೆ ದಾರಿ ಮಾಡಿದರು. 1945ರ ಜನವರಿ 12ರಂದು ಲೇಡೊ ಬಿಟ್ಟ ಮೊದಲ ವಾಹನ ಸಾಲು ಕುನ್‌ಮಿಂಗ್ ಮುಟ್ಟಿದ್ದು ಫೆಬ್ರವರಿ 4ಕ್ಕೆ. ಬರ್ಮಾದಲ್ಲಿ ರೈಲು ಎಂಜಿನ್ ಇಲ್ಲದ ಕಡೆ ಜೀಪಿಗೇ ರೈಲು ಚಕ್ರ ತೊಡಿಸಿ ಹಳಿಯ ಮೇಲೆ ಓಡಿಸಿದ್ದೂ ಉಂಟು.

ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಲು ತೊಡಗಿದವರು ಮಹೀಂದ್ರದವರು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದಾಗ ಆ ಸಂಸ್ಥೆಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಇಬ್ಭಾಗವಾದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಗೆರೆ ಎಳೆದರೆ ಬೋರ್ಡಿನ ಮೇಲಿನ ಹೆಸರೂ ಬದಲಾಗುತ್ತದೆ. ಗಡಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಜೀಪು ಎಂದರೆ ಬ್ಲಾಕ್ ಆಫೀಸು ಎಂಬ ಕಾಲ ಬಂತು. ನನ್ನ ಲೆಕ್ಕದಲ್ಲಿ ಕೈ ತಪ್ಪಿದ್ದು ಅಲ್ಲೇ. ಗಾಡಿ ಸರ್ಕಾರದ್ದು, ಸ್ಟೀರಿಂಗು ಡ್ರೈವರನದು, ದುರಸ್ತಿಗೆ ಇನ್ನೊಬ್ಬರ ರುಜು. ಹಬ್ಬಿನ ಮೇಲೆ ಕೈ ಇಡುವವರು ಯಾರು? ಹೀಗೆ ಆರೈಕೆ ತಪ್ಪಿದ ಎಷ್ಟೋ ಜೀಪುಗಳು ಹರಾಜಿನಲ್ಲಿ ನಮ್ಮ ಬೆಟ್ಟದ ಊರುಗಳಿಗೆ ಬಂದವು.

ನಮ್ಮ ಮಾವನವರು ತಾಳವಾಡಿ ಕಡೆ ತಂದದ್ದೂ ಅಂಥದೇ ಒಂದು. ಅವರು ಗಾಡಿ ಹೊಡೆದು ಬೆಳೆದವರು. ಹಳ್ಳ ದಾಟಿ ಬಂದರೆ ಗೇರ್ ಎಣ್ಣೆ ತೆಗೆದು ನೋಡುವರು. ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಹೊಕ್ಕಿದೆ, ಬದಲಿಸಲೇಬೇಕು. ಏರ್ ಕ್ಲೀನರಿನ ತಳದ ಎಣ್ಣೆಯಲ್ಲಿ ಧೂಳು ಕೆಸರಾಗಿ ಕೂತರೆ ಚೆಲ್ಲಿ ತೊಳೆಯುವರು. ಒಣಗಿದ ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಲಿವರ್ ಮುಟ್ಟಲು ಬಿಡುತ್ತಿರಲಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದಾರಿ ಓಡುತ್ತದೆ, ಹಿಂದಿನದು ಕಡಿಮೆ. ಕೆಸರಾದರೆ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಆ ಬಿಗಿತವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ. ಹಳೆಯ ಜೀಪಿನ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಮರೆಯವು. ಮರೆ ಎಂದರೆ ನಮ್ಮ ಕಡೆ ನಟ್ಟಿನೊಳಗಿನ ಸುತ್ತು. ಕಾಸರಗೋಡು, ವಯನಾಡಿನವರು ಪಿರಿ ಎಂದಾರು. ಅದು ತಿಳಿಯದೆ ಸ್ಪಾನರಿನ ಮೇಲೆ ಹತ್ತಿ ನಿಂತು ನಾನು ಒಂದು ಬೋಲ್ಟನ್ನೇ ಮುರಿದಿದ್ದೆ.

ಅದು ಸಣ್ಣ ತಪ್ಪು. ದೊಡ್ಡದು ಬೇರೆ ಇದೆ. ಒಂದು ಮಳೆಗಾಲ ಮಾವ ಊರಲ್ಲಿಲ್ಲದಾಗ ದಿನವೂ ಹಳ್ಳದ ನೀರಲ್ಲಿ ಜೀಪು ದಾಟಿಸಿದೆ. ಓಡಿ ಬಿಸಿಯಾದ ಹಬ್ಬು ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಸವೆದ ಕಡೆಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗ್ರೀಸ್ ಕೆಡುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಇದು ಆ ದಿನವೇ ತಿಳಿಯುವುದಿಲ್ಲ. ಹತ್ತು ಹದಿನೈದು ದಿನದ ಮೇಲೆ ದೊಡ್ಡಪ್ಪ ಹುಣಸೆ ಮರದಿಂದ ಬಿದ್ದು ತೊಡೆ ಮುರಿದುಕೊಂಡರು. ರಾತ್ರಿ ಚಾಮರಾಜನಗರಕ್ಕೆಂದು ಹೊರಟೆ. ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಅವರಿಗೆ ನೀರು ಕುಡಿಸಿದೆವು. ನಾನು ಚಕ್ರದ ಪಕ್ಕದಲ್ಲೇ ನಿಂತಿದ್ದೆ. ಕೈ ಇಡಲಿಲ್ಲ. ಎರಡು ಮೈಲಿ ಮುಂದೆ ಬಲಗಡೆ ಮುಂದಿನ ಚಕ್ರ ಕಿರುಚಿ ಬಿಗಿದುಕೊಂಡು ನಿಂತೇಹೋಯಿತು.

ಬೆಳಗಿನ ಜಾವದವರೆಗೆ ಬೇರೆ ಗಾಡಿ ಸಿಗಲಿಲ್ಲ. ಆಮೇಲೆ ಸಿಕ್ಕಿದ್ದು ಒಂದು ಎತ್ತಿನ ಗಾಡಿ. ಅದರ ಕುಲುಕಾಟದಲ್ಲಿ ದೊಡ್ಡಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡೇ ಇದ್ದರು. ಕಾಲು ಕೂಡಿಕೊಂಡಿತು, ಗಿಡ್ಡವಾಗಿ. ಅವರು ಆಮೇಲೆ ಇಪ್ಪತ್ತು ವರ್ಷ ಕುಂಟುತ್ತ ಬದುಕಿದರು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಮಾವ ಮಾತ್ರ ಹಬ್ಬು ಬಿಚ್ಚಿ, ತುಕ್ಕು ತಿಂದ ಬೇರಿಂಗನ್ನು ನನ್ನ ಅಂಗೈಯಲ್ಲಿಟ್ಟು ಒಳಗೆ ಹೋದರು.

ಈಗಿನ ಹೊಸ ಗಾಡಿಗಳಲ್ಲಿ ಗ್ರೀಸ್ ಹೊಡೆಯುವ ಜಾಗ ಕಡಿಮೆ. ಅನೇಕ ಬೇರಿಂಗುಗಳು ಬಾಯಿ ಮುಚ್ಚಿಯೇ ಬರುತ್ತವೆ, ತೊಂದರೆಯಾದರೆ ದೀಪ ಉರಿಯುತ್ತದೆ. ಆದರೂ ಹಳ್ಳದ ನೀರು ಹಳ್ಳದ ನೀರೇ. ದಿಂಬಂ ಘಾಟಿನ 27 ತಿರುವು ಹತ್ತಿ ಬಂದು ಚಹಾ ಅಂಗಡಿಯ ಮುಂದೆ ನಿಲ್ಲಿಸಿದರೆ ನಾನು ಇವತ್ತಿಗೂ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದು, ನಾಲ್ಕು ಚಕ್ರವನ್ನೂ ಮುಟ್ಟಿ, ಆಮೇಲೆ ಲೋಟ ಹಿಡಿಯುತ್ತೇನೆ. ಅಂಗಡಿಯ ಹುಡುಗರು ಇದನ್ನು ಪೂಜೆ ಎಂದುಕೊಂಡಿದ್ದಾರೆ.