ಕರ್ತೃ ಮತ್ತು ಕರ್ಮ ಸರ್ವನಾಮಗಳು (ಇಂಗ್ಲಿಷ್ ವ್ಯಾಕರಣ)

ಇಂಗ್ಲಿಷ್ ಭಾಷೆಯಲ್ಲಿ ಪುರುಷವಾಚಕ ಸರ್ವನಾಮವು ಕರ್ತೃವಾಗಿ ಬಂದಾಗ ಒಂದು ರೂಪವನ್ನೂ, ಕರ್ಮವಾಗಿ ಅಥವಾ ಪ್ರಿಪೊಸಿಷನ್ನಿನ ನಂತರ ಬಂದಾಗ ಇನ್ನೊಂದು ರೂಪವನ್ನೂ ತಾಳುತ್ತದೆ. ಐ, ಹಿ, ಶಿ, ವಿ, ದೇ ಎಂಬುವು ಕರ್ತೃ ರೂಪಗಳು. ಮಿ, ಹಿಮ್, ಹರ್, ಅಸ್, ದೆಮ್ ಎಂಬುವು ಕರ್ಮ ರೂಪಗಳು. ಯೂ ಮತ್ತು ಇಟ್ ಬದಲಾಗುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೂ ಈ ಭೇದವಿತ್ತು. ಪ್ರತ್ಯಯಗಳು ಸವೆದುಹೋಗಿ ಅದು ಸರ್ವನಾಮಗಳಲ್ಲಿ ಮಾತ್ರ ಉಳಿಯಿತು. ಯೂ ಎಂಬುದು ಮೂಲತಃ ಕರ್ಮ ರೂಪವಾಗಿದ್ದು, ಅದರ ಕರ್ತೃ ರೂಪವಾದ ಯೀ ಬಳಕೆ ತಪ್ಪಿತು.

ಕನ್ನಡದೊಂದಿಗೆ ಹೋಲಿಕೆ

13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದ ಪರಂಪರೆಯಲ್ಲಿ ಕನ್ನಡಕ್ಕೆ ಏಳು ವಿಭಕ್ತಿಗಳನ್ನು ಹೇಳಲಾಗುತ್ತದೆ. ನಾನು ಎಂಬುದು ಪ್ರಥಮಾ, ನನ್ನನ್ನು ಎಂಬುದು ದ್ವಿತೀಯಾ. "ಕಾಫಿ ಕುಡಿದೆನು" ಎಂಬಲ್ಲಿ ಅಚೇತನ ಕರ್ಮದ 'ಅನ್ನು' ಪ್ರತ್ಯಯ ಬಿಟ್ಟರೂ ನಡೆಯುತ್ತದೆ. "ಅವನನ್ನು ನೋಡಿದೆನು" ಎಂಬಲ್ಲಿ ಬಿಡುವಂತಿಲ್ಲ. ಆದುದರಿಂದ 'ಅನ್ನು' ಬರುವಲ್ಲಿ ಹಿಮ್ ಎಂದು ಬಳಸುವುದು ಕನ್ನಡಿಗ ವಿದ್ಯಾರ್ಥಿಗೆ ಬಹುಮಟ್ಟಿಗೆ ಸರಿದಾರಿ.

ನಿಜವಾದ ತೊಡಕು ಚತುರ್ಥಿಯಲ್ಲಿದೆ. "ನನಗೆ ಬಾಳೆಹೊನ್ನೂರು ಗೊತ್ತು" ಎಂಬುದು ಇಂಗ್ಲಿಷಿನಲ್ಲಿ "ಐ ನೋ ಬಾಳೆಹೊನ್ನೂರು" ಎಂದಾಗುತ್ತದೆ. "ನನಗೆ ಪುಸ್ತಕ ಕೊಟ್ಟನು" ಎಂಬುದಾದರೋ "ಹಿ ಗೇವ್ ಮಿ ಎ ಬುಕ್". ಒಂದೇ 'ನನಗೆ' ಒಮ್ಮೆ ಐ, ಒಮ್ಮೆ ಮಿ. ಗೊತ್ತು, ಬೇಕು, ಇಷ್ಟ, ಹಸಿವು, ಜ್ವರ ಮೊದಲಾದ ಅನುಭವಸೂಚಕ ಪದಗಳೊಡನೆ ಬರುವ 'ಗೆ' ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕರ್ತೃವೇ ಆಗುತ್ತದೆ. ಇಂಗ್ಲಿಷಿನ ಕರ್ತೃ-ಕರ್ಮಗಳೆಂಬ ಚೌಕಟ್ಟು ಎಲ್ಲ ಭಾಷೆಗಳಿಗೂ ಅನಿವಾರ್ಯವಲ್ಲವೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 1991ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ.

ಸಂಶಯದ ಸಂದರ್ಭಗಳು

'ಆಂಡ್' ಸೇರಿದಾಗ ಇಂಗ್ಲಿಷ್ ಮಾತೃಭಾಷಿಕರೂ ಎಡವುತ್ತಾರೆ. ಜೊತೆಯ ಹೆಸರನ್ನು ತೆಗೆದು ಓದಿದರೆ ಉತ್ತರ ದೊರೆಯುತ್ತದೆ: "ರವಿ ಆಂಡ್ ಐ ವೆಂಟ್ ಟು ಕೊಪ್ಪ", ಆದರೆ "ದೇ ಕಾಲ್ಡ್ ರವಿ ಆಂಡ್ ಮಿ". ಶಿಷ್ಟ ಬರವಣಿಗೆಯಲ್ಲಿ "ಬಿಟ್ವೀನ್ ಯೂ ಆಂಡ್ ಮಿ" ಎಂಬುದೇ ಸರಿ. ಅಲ್ಲಿ ಐ ಎಂದು ಬರೆಯುವುದು ಅತಿಶುದ್ಧಿಯ ತಪ್ಪು.

'ದ್ಯಾನ್' ನಂತರದ ಆಯ್ಕೆಯಿಂದ ಅರ್ಥವೇ ಬದಲಾಗಬಹುದು. "ಶಿ ಲೈಕ್ಸ್ ಹಿಮ್ ಮೋರ್ ದ್ಯಾನ್ ಐ" ಎಂದರೆ ನಾನು ಮೆಚ್ಚುವುದಕ್ಕಿಂತ ಹೆಚ್ಚಾಗಿ ಅವಳು ಅವನನ್ನು ಮೆಚ್ಚುತ್ತಾಳೆ ಎಂದರ್ಥ. 'ಮಿ' ಎಂದರೆ, ರೂಢಿಯ ನಿಯಮದಂತೆ, ನನ್ನನ್ನು ಮೆಚ್ಚುವುದಕ್ಕಿಂತ ಹೆಚ್ಚಾಗಿ ಎಂದಾಗುತ್ತದೆ. ಕನ್ನಡದ 'ನನಗಿಂತ' ಎರಡನ್ನೂ ಒಳಗೊಳ್ಳುವುದರಿಂದ ಅನುವಾದಕನು ಇಲ್ಲಿ ವಾಕ್ಯವನ್ನು ಬಿಡಿಸಿ ಬರೆಯಬೇಕಾಗುತ್ತದೆ. "ಇಟ್ ಈಸ್ ಐ" ಎಂಬುದನ್ನು ಹಳೆಯ ವ್ಯಾಕರಣಗಳು ವಿಧಿಸಿದರೂ ಆಡುಮಾತಿನಲ್ಲಿ "ಇಟ್ಸ್ ಮಿ" ಎಂಬುದೇ ರೂಢಿ.