ಉಳಿತಾಯಕ್ಕೆ ಮೀಟರ್ ಇಲ್ಲ

ನಿಮ್ಮ ಮನೆಯ ಗೋಡೆಯ ಮೇಲಿರುವ ಮೀಟರು ಖರ್ಚಾದ ಯೂನಿಟ್ಟುಗಳನ್ನು ಎಣಿಸುತ್ತದೆ. ಖರ್ಚಾಗದೆ ಉಳಿದ ಯೂನಿಟ್ಟುಗಳನ್ನು ಎಣಿಸುವ ಮೀಟರನ್ನು ಇದುವರೆಗೆ ಯಾರೂ ತಯಾರಿಸಿಲ್ಲ. ಹಳೆಯ ಬಲ್ಬು ತೆಗೆದು ಹೊಸ ದೀಪ ಹಾಕಿದಿರಿ, ಬಿಲ್ಲು ಇಳಿಯಿತು ಎನ್ನೋಣ. ಅದು ದೀಪದಿಂದಲೇ ಇಳಿಯಿತೆಂದು ಹೇಳುವುದು ಹೇಗೆ? ಆ ತಿಂಗಳು ಸೆಕೆ ಕಡಿಮೆ ಇದ್ದಿರಬಹುದು; ಮನೆಮಂದಿಯೆಲ್ಲ ಮದುವೆಗೆಂದು ಊರಿಗೆ ಹೋಗಿದ್ದಿರಬಹುದು. ಬದಲಾವಣೆ ಮಾಡದೇ ಇದ್ದಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂಬ ಅಂದಾಜು ಮೊದಲು ಬೇಕು. ಈ ಅಂದಾಜಿಗೆ ಆಧಾರರೇಖೆ, ಅಂದರೆ ಬೇಸ್‌ಲೈನ್, ಎಂದು ಹೆಸರು. ಒಂದು ಮನೆಯ ಮಟ್ಟಿಗೆ ಇದು ಕುತೂಹಲದ ಪ್ರಶ್ನೆ. ಹಲವು ಊರುಗಳ ಕಟ್ಟಡಗಳಿಗೆ ಸರ್ಕಾರ ಸಾಲ ಕೊಟ್ಟು, ಉಳಿತಾಯದಿಂದಲೇ ಅದನ್ನು ತೀರಿಸಿ ಎಂದಾಗ ಇದೇ ಪ್ರಶ್ನೆ ಲೆಕ್ಕಪತ್ರದ ಪ್ರಶ್ನೆಯಾಗುತ್ತದೆ.

1973ರ ಅಕ್ಟೋಬರ್‌ನಲ್ಲಿ ಅರಬ್ ತೈಲ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಕಳುಹಿಸುವುದನ್ನು ನಿಲ್ಲಿಸಿದವು. 1974ರ ಆರಂಭದ ಹೊತ್ತಿಗೆ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಗಿತ್ತು. ಆ ವರ್ಷಗಳಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬ ಬಡಾವಣೆಯ ಸಾಲುಮನೆಗಳಲ್ಲಿ ಶಕ್ತಿಯ ಬಳಕೆಯನ್ನು ಅಳೆಯುತ್ತಿದ್ದರು. ಅದು ಚಳಿಯ ಪ್ರದೇಶ. ಮನೆ ಬೆಚ್ಚಗಿರಬೇಕಾದರೆ ಅನಿಲ ಉರಿಸಬೇಕು. ಒಂದೇ ನಕ್ಷೆ, ಒಂದೇ ಗೋಡೆ, ಒಂದೇ ಹವೆ. ಆದರೂ ಒಂದು ಮನೆಯಲ್ಲಿ ಉರಿದ ಅನಿಲ ಇನ್ನೊಂದರ ಎರಡು ಪಟ್ಟಿಗೂ ಮಿಕ್ಕಿರುವುದು ಕಂಡುಬಂದಿತು. ಮನೆ ಒಂದೇ ಆದರೂ ಬಾಳುವ ರೀತಿ ಒಂದೇ ಅಲ್ಲವಲ್ಲ! ಪಕ್ಕದ ಮನೆಯನ್ನು ನೋಡಿ ಈ ಮನೆಯ ಉಳಿತಾಯವನ್ನು ಹೇಳಲಾಗದು. ಪ್ರತಿ ಮನೆಗೂ ಅದರ ಹಿಂದಿನ ಬಿಲ್ಲುಗಳೇ ಆಧಾರವಾಗಬೇಕಾಯಿತು.

ಆದರೆ ಕಳೆದ ವರ್ಷದ ಚಳಿ ಈ ವರ್ಷ ಬರುವುದಿಲ್ಲ. ಇದಕ್ಕೆ ಹಳೆಯ ಉಪಾಯವೊಂದಿತ್ತು. ದಿನದ ಸರಾಸರಿ ಉಷ್ಣಾಂಶ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿದೆಯೋ ಅಷ್ಟು ಅಂಕ. 45 ಡಿಗ್ರಿ ಇದ್ದ ದಿನಕ್ಕೆ 20. ಇಂಥ ಅಂಕಗಳ ಮೊತ್ತಕ್ಕೆ ಡಿಗ್ರಿ-ದಿನ ಎನ್ನುತ್ತಾರೆ. ತೊಡಕೆಂದರೆ, ಎಲ್ಲ ಮನೆಗೂ 65 ಒಪ್ಪುವುದಿಲ್ಲ. ಒಬ್ಬರ ಮನೆಯಲ್ಲಿ 60ಕ್ಕೆ ಒಲೆ ಹೊತ್ತಿಕೊಂಡರೆ ಇನ್ನೊಬ್ಬರದು ಮೊದಲೇ ಹೊತ್ತಿಕೊಳ್ಳುತ್ತದೆ. ಪ್ರಿನ್ಸ್‌ಟನ್ನಿನ ಮಾರ್ಗರೆಟ್ ಫೆಲ್ಸ್ 1986ರಲ್ಲಿ ವಿವರಿಸಿದ ಪ್ರಿಸಂ ಎಂಬ ವಿಧಾನ ಈ ತೊಡಕನ್ನು ಬಿಡಿಸಿತು. ಸುಮಾರು ಒಂದು ವರ್ಷದ ಬಿಲ್ಲುಗಳು ಮತ್ತು ಹತ್ತಿರದ ಹವಾಮಾನ ಕೇಂದ್ರದ ಉಷ್ಣಾಂಶ, ಇಷ್ಟನ್ನು ಕೊಟ್ಟರೆ ಗಣಕಯಂತ್ರ ಒಂದೊಂದೇ ಉಷ್ಣಾಂಶವನ್ನು ಹಚ್ಚಿ ನೋಡಿ, ಆ ಮನೆಗೆ ಅತ್ಯಂತ ಚೆನ್ನಾಗಿ ಹೊಂದುವುದನ್ನು ಆರಿಸುತ್ತದೆ. ಬಳಿಕ ಸಾಮಾನ್ಯ ಹವೆಯ ವರ್ಷವೊಂದರಲ್ಲಿ ಆ ಮನೆಯ ಬಳಕೆ ಎಷ್ಟೆಂದು ಹೇಳುತ್ತದೆ. ಕಾಗದ-ಪೆನ್ಸಿಲಿನಲ್ಲಿ ನೂರು ಮನೆಗೆ ಇದನ್ನು ಮಾಡಹೊರಟವರ ಅವಸ್ಥೆಯನ್ನು ನೀವೇ ಊಹಿಸಿಕೊಳ್ಳಿ.

ಮನೆಗಳಿಂದ ದೊಡ್ಡ ಕಟ್ಟಡಗಳಿಗೆ ಈ ಲೆಕ್ಕವನ್ನು ವಿಸ್ತರಿಸಿದ್ದು ಟೆಕ್ಸಾಸ್ ರಾಜ್ಯ. 1988ರಲ್ಲಿ ಅಲ್ಲಿ ಲೋನ್‌ಸ್ಟಾರ್ ಎಂಬ ಯೋಜನೆ ಆರಂಭವಾಯಿತು. ತೈಲ ಕಂಪನಿಗಳು ಗ್ರಾಹಕರಿಂದ ಹೆಚ್ಚಾಗಿ ವಸೂಲು ಮಾಡಿದ್ದ ಹಣ ರಾಜ್ಯಗಳಿಗೆ ಬಂದಿತ್ತು. ಅದರಲ್ಲಿ ಸುಮಾರು 9.8 ಕೋಟಿ ಡಾಲರುಗಳನ್ನು ಸರ್ಕಾರಿ ಕಟ್ಟಡಗಳು, ಶಾಲೆಗಳು ಮೊದಲಾದವುಗಳ ಸುಧಾರಣೆಗೆ ಸಾಲವಾಗಿ ತೆಗೆದಿರಿಸಲಾಯಿತು. ಉಳಿದ ಹಣದಿಂದ ಸಾಲ ತೀರಬೇಕು, ತೀರಿದ ಹಣ ಮತ್ತೊಂದು ಕಟ್ಟಡಕ್ಕೆ ಹೋಗಬೇಕು. ಲೆಕ್ಕ ತಪ್ಪಿದರೆ ಇಡೀ ಚಕ್ರ ನಿಲ್ಲುತ್ತದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಎಂಜಿನಿಯರುಗಳು ಗಂಟೆಗಂಟೆಯ ಬಳಕೆಯನ್ನು ದೂರವಾಣಿ ತಂತಿಯ ಮೂಲಕ ತರಿಸಿ ಪರಿಶೀಲಿಸತೊಡಗಿದರು. ರಾತ್ರಿ ಯಾರೂ ಇಲ್ಲದಾಗಲೂ ಯಂತ್ರಗಳು ಓಡುತ್ತಿದ್ದಂಥ ಸಂಗತಿಗಳೂ ಆಗ ಬೆಳಕಿಗೆ ಬಂದವು. ಸಾಲದ ಲೆಕ್ಕಕ್ಕೆಂದು ಕೂಡಿಹಾಕಿದ ಅಂಕಿಗಳು ಸಾಲವಿಲ್ಲದ ಉಳಿತಾಯವನ್ನೂ ತೋರಿಸಿದವು!

ಟೆಕ್ಸಾಸ್ ಸೆಕೆಯ ನಾಡು. ಅಲ್ಲಿ ಒಂದು ಉಷ್ಣಾಂಶದವರೆಗೆ ಬಳಕೆ ಸಮವಾಗಿದ್ದು, ಅದನ್ನು ದಾಟಿದ ಮೇಲೆ ತಂಪುಯಂತ್ರಗಳಿಂದಾಗಿ ಏರುತ್ತದೆ. ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಿ. 24 ಡಿಗ್ರಿ ಸೆಲ್ಸಿಯಸ್‌ವರೆಗೆ ದಿನಕ್ಕೆ 400 ಯೂನಿಟ್, ಅದರ ಮೇಲೆ ಪ್ರತಿ ಡಿಗ್ರಿಗೆ 30 ಯೂನಿಟ್. ಕಳೆದ ವರ್ಷ ಈ ದಿನ 27 ಡಿಗ್ರಿ, ಬಳಕೆ 490. ಹೊಸ ಯಂತ್ರ ಬಂದ ಮೇಲೆ ಈ ವರ್ಷ ಅದೇ ದಿನ 30 ಡಿಗ್ರಿ, ಬಳಕೆ 500. ಬಿಲ್ಲನ್ನಷ್ಟೇ ನೋಡಿದರೆ 10 ಯೂನಿಟ್ ನಷ್ಟ. ಆಧಾರರೇಖೆಯ ಪ್ರಕಾರ 580 ಆಗಬೇಕಿತ್ತು. ಆದ್ದರಿಂದ 80 ಯೂನಿಟ್ ಲಾಭ. ಯಂತ್ರ ಕೊಳ್ಳಲು ಒಪ್ಪಿದ ಪ್ರಾಂಶುಪಾಲರ ಮಾನ ಈ ಎರಡು ಉತ್ತರಗಳ ನಡುವೆ ಇದೆ.

ಕಟ್ಟಡಗಳು ಹಲವಾದಾಗ ಬೇರೆ ಕಷ್ಟಗಳು. ಒಂದರ ಬಿಲ್ಲು 28 ದಿನಕ್ಕೆ, ಇನ್ನೊಂದರದು 33 ದಿನಕ್ಕೆ. ಎಲ್ಲವನ್ನೂ ದಿನದ ಲೆಕ್ಕಕ್ಕೆ ಇಳಿಸಬೇಕು. ಬೇರೆ ಊರಿನ ಕಟ್ಟಡಕ್ಕೆ ಬೇರೆ ಹವೆ. ಆದ್ದರಿಂದ ತಂತ್ರಾಂಶ ಪ್ರತಿ ಕಟ್ಟಡಕ್ಕೂ ಬೇರೆ ರೇಖೆ ಎಳೆದು ಅನಂತರವೇ ಮೊತ್ತ ಮಾಡುತ್ತದೆ. ಇದರಿಂದ ಒಂದು ಅನುಕೂಲವೂ ಉಂಟು. ಸಮಾನ ಗಾತ್ರದ ನೂರು ಕಟ್ಟಡಗಳ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಮೇಲೆ ಕೆಳಗೆ ಬಿದ್ದಿದ್ದರೆ, ಒಟ್ಟು ಮೊತ್ತದಲ್ಲಿ ಶೇಕಡಾವಾರು ತಪ್ಪು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಎಲ್ಲಕ್ಕೂ ಬಳಸಿದ ಉಷ್ಣಾಂಶವೇ ತಪ್ಪಾಗಿದ್ದರೆ ನೂರಲ್ಲ, ಸಾವಿರ ಕಟ್ಟಡ ಕೂಡಿಸಿದರೂ ತಪ್ಪು ಹೋಗದು.

ಅಮೆರಿಕದ ಇಂಧನ ಇಲಾಖೆ 1996ರಲ್ಲಿ ಇಂಥ ಲೆಕ್ಕಕ್ಕೆ ನಿಯಮಾವಳಿ ಹೊರಡಿಸಿತು. 1997ರಲ್ಲಿ ಅದು ಅಂತರರಾಷ್ಟ್ರೀಯ ರೂಪ ಪಡೆಯಿತು. ನಮ್ಮ ದೇಶದಲ್ಲಿ 2001ರ ಇಂಧನ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿ 2012ರಿಂದ ದೊಡ್ಡ ಕಾರ್ಖಾನೆಗಳಿಗೆ ಉಳಿತಾಯದ ಗುರಿ ಕೊಟ್ಟಾಗಲೂ, 2007ರಿಂದ 2010ರವರೆಗಿನ ಬಳಕೆಯನ್ನು ಆಧಾರವಾಗಿ ಹಿಡಿಯಲಾಯಿತು.

ಇಷ್ಟಾದರೂ ತಂತ್ರಾಂಶಕ್ಕೆ ಗೊತ್ತಿರುವುದು ನಾವು ಕೊಟ್ಟದ್ದು ಮಾತ್ರ. 2020ರಲ್ಲಿ ಕೋವಿಡ್ ಬಂದು ಶಾಲೆ, ಕಚೇರಿಗಳು ಬಾಗಿಲು ಹಾಕಿದವು. ಹವೆಯನ್ನಷ್ಟೇ ಬಲ್ಲ ಆಧಾರರೇಖೆ ಎಂದಿನ ಬಳಕೆಯನ್ನೇ ನಿರೀಕ್ಷಿಸುತ್ತದೆ. ಮೀಟರು ತೀರಾ ಕಡಿಮೆ ತೋರಿಸುತ್ತದೆ. ನಡುವಿನ ಅಂತರವೆಲ್ಲ ಉಳಿತಾಯದ ಕಲಮಿಗೆ ಬಂದು ಕೂರುತ್ತದೆ. ಬೀಗ ಹಾಕಿದ ತರಗತಿಗಳ ಆ ತಿಂಗಳುಗಳನ್ನು ಲೆಕ್ಕದಿಂದ ಬೇರ್ಪಡಿಸುವ ಕೆಲಸ ಅಂಕಿಗಳ ಮುಂದೆ ಕುಳಿತ ಮನುಷ್ಯರ ಪಾಲಿಗೆ ಬಂದಿತು.