ಬೇಗೂರಿನ ಕಲ್ಲು, ಇಡ್ಡಲಿಗೆಯ ಹುಳಿ

ಬೆಂಗಳೂರಿಗೆ ಬಂದವರ ತಿಂಡಿಯಾತ್ರೆ ಸಾಮಾನ್ಯವಾಗಿ ಬಸವನಗುಡಿ, ವಿ.ವಿ. ಪುರಂಗಳಲ್ಲೇ ಮುಗಿಯುತ್ತದೆ. ಅದಕ್ಕಾಗಿ ಎಲೆಕ್ಟ್ರಾನಿಕ್ ಸಿಟಿಯ ಕಡೆ ಹೋಗುವವರು ಕಡಿಮೆ. ಹೋಗಬೇಕೆನ್ನುವವಳು ನಾನು, ಮೊದಲು ಬೇಗೂರಿಗೆ. ಅಲ್ಲಿನ ನಾಗೇಶ್ವರ ದೇವಾಲಯದ ವೀರಗಲ್ಲೊಂದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಕಾಲ ಸುಮಾರು 890. ವೀರಬಲ್ಲಾಳನಿಗೆ ಮುದುಕಿ ಬೆಂದಕಾಳು ಕೊಟ್ಟ ಕಥೆ ರುಚಿಯಾಗಿದೆ, ಆದರೆ ಅವನು ಹುಟ್ಟುವ ಎರಡು ಶತಮಾನಕ್ಕೂ ಮೊದಲೇ ಊರಿಗೆ ಹೆಸರಿತ್ತು.

ಕೆಲವೇ ದಶಕಗಳ ನಂತರ, ಸುಮಾರು 920ರದೆಂದು ಹೇಳುವ 'ವಡ್ಡಾರಾಧನೆ'ಯ ತಿನಿಸುಗಳ ನಡುವೆ 'ಇಡ್ಡಲಿಗೆ' ಬರುತ್ತದೆ. ಅದು ಇಂದಿನ ಇಡ್ಲಿಯೇ? ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಮೂರು ತಕರಾರು ತೆಗೆದರು: ಹಳೆಯ ಬರಹಗಳಲ್ಲಿ ಉದ್ದಿನ ಜೊತೆ ಅಕ್ಕಿಯಿಲ್ಲ, ಹಿಟ್ಟನ್ನು ಹೆಚ್ಚು ಹೊತ್ತು ಹುದುಗಿಸುವ ಮಾತಿಲ್ಲ, ಹಬೆಯೂ ಇಲ್ಲ. ಈ ವಿದ್ಯೆ ಇಂಡೋನೇಷ್ಯಾದಿಂದ ಬಂದಿರಬಹುದೆಂಬುದು ಅವರ ಊಹೆ.

ಅಕ್ಕಿ, ಹಬೆಯ ಮಟ್ಟಿಗೆ ಒಪ್ಪುತ್ತೇನೆ. ಹುಳಿಯ ಮಟ್ಟಿಗೆ ಇಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ' ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಇಂಗು ಬೆರೆಸಲು ಹೇಳುತ್ತದೆ. ಮಜ್ಜಿಗೆಯಲ್ಲಿ ನೆನೆದ ಉದ್ದು ಸುಮ್ಮನಿರುವುದಿಲ್ಲ. ಹುಳಿ ಹಿಡಿಸುವ ಸೂಕ್ಷ್ಮಜೀವಿಗಳು ಮಜ್ಜಿಗೆಯಲ್ಲೇ ಇವೆ. ಇಂದು ನಮ್ಮ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಉದ್ದಿನ ಜೊತೆಗೇ ಬರುತ್ತದೆ. ಎಷ್ಟು ಹೊತ್ತು ಬಿಡಬೇಕೆಂದು ಚಾವುಂಡರಾಯ ಬರೆಯಲಿಲ್ಲ, ನಿಜ. ನಮ್ಮಜ್ಜಿಯೂ ಹೇಳುತ್ತಿರಲಿಲ್ಲ, ಚಳಿ ನೋಡಿಕೋ ಎನ್ನುತ್ತಿದ್ದಳು. (ಬೆಂಗಳೂರಿನ ಡಿಸೆಂಬರಿನಲ್ಲಿ ನನ್ನ ಬಾಡಿಗೆ ಕೋಣೆಯ ಹಿಟ್ಟು ಬೆಳಗಾದರೂ ಏಳುವುದಿಲ್ಲ.) ಅವಧಿ ಬರೆದಿಲ್ಲವೆಂದು ಹುದುಗೇ ಇರಲಿಲ್ಲ ಎನ್ನುವುದು ಅವಸರದ ತೀರ್ಮಾನ.

ಬೇಗೂರಿನಿಂದ ತುಸು ದೂರದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ನೆಲದಲ್ಲಿ, 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಈಗ ಅಲ್ಲಿನ ಅಂಗಡಿಗಳ ಫ್ರಿಜ್ಜಿನಲ್ಲಿ ರುಬ್ಬಿದ ಹಿಟ್ಟಿನ ಪೊಟ್ಟಣಗಳು. ತಂಪು ಹುಳಿಯನ್ನು ನಿಧಾನಗೊಳಿಸುತ್ತದೆ. ಚಾವುಂಡರಾಯ ಬಿಟ್ಟ ಅವಧಿ ಪೊಟ್ಟಣದ ಮೇಲೆ ದಿನಾಂಕವಾಗಿ ಅಚ್ಚಾಗಿದೆ.

ಆದರೆ ಇದು ಮೂಲತಃ ರಾಗಿಯ ಸೀಮೆ. ಇಲ್ಲಿನ ಹುಳಿಯೆಂದರೆ ಅಂಬಲಿ: ರಾಗಿಹಿಟ್ಟು ಕಾಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಬೆರೆಸಿ ಕುಡಿದು ಹೊಲಕ್ಕೆ ಹೋಗುವುದು. ಇಡ್ಡಲಿಗೆಯ ಹುಟ್ಟಿನ ಬಗ್ಗೆ ನಾವು ಮಾಡುವ ಜಗಳದ ಕಾಲುಭಾಗವನ್ನೂ ಅಂಬಲಿಗಾಗಿ ಮಾಡಿಲ್ಲ. ಬೇಸಿಗೆಯಲ್ಲಿ ರಸ್ತೆಬದಿಯ ಗಾಡಿಗಳಲ್ಲಿ ಅದು ಸಿಗುತ್ತದೆ. ರಾತ್ರಿ ಇಟ್ಟದ್ದೋ, ಈಗಷ್ಟೇ ಮಜ್ಜಿಗೆ ಬೆರೆಸಿದ್ದೋ ಎಂದು ಕೇಳಿ ಕುಡಿಯಿರಿ.